ಆಕ್ವಾಪೋನಿಕ್ಸ್

ಆಕ್ವಾಪೋನಿಕ್ಸ್ ಎಂಬುದು ಮೀನು ಸಾಕಣೆಯನ್ನೂ ಹೈಡ್ರೋಪೋನಿಕ್ಸ್ ಎಂದು ಕರೆಯಲಾಗುವ ಮಣ್ಣುರಹಿತ ಸಸ್ಯಕೃಷಿಯನ್ನೂ ಒಂದೇ ನೀರಿನ ಚಕ್ರದಲ್ಲಿ ಜೋಡಿಸುವ ಕೃಷಿ ಪದ್ಧತಿಯಾಗಿದೆ. ಮೀನುಗಳು ಹೊರಹಾಕುವ ತ್ಯಾಜ್ಯವನ್ನು ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಸಸ್ಯಪೋಷಕಗಳಾಗಿ ಪರಿವರ್ತಿಸುತ್ತವೆ. ಸಸ್ಯಗಳು ಆ ಪೋಷಕಗಳನ್ನು ಹೀರಿಕೊಂಡ ಬಳಿಕ ಶುದ್ಧಗೊಂಡ ನೀರು ಮರಳಿ ಮೀನಿನ ತೊಟ್ಟಿಗೆ ಸೇರುತ್ತದೆ. ಹೀಗೆ ಮೀನು, ಬ್ಯಾಕ್ಟೀರಿಯಾ ಮತ್ತು ಸಸ್ಯ ಎಂಬ ಮೂರು ಜೀವಸಮೂಹಗಳು ಪರಸ್ಪರ ಅವಲಂಬಿಸಿರುವುದರಿಂದ, ಒಂದರ ಪ್ರಮಾಣ ತಪ್ಪಿದರೆ ಉಳಿದೆರಡೂ ತೊಂದರೆಗೊಳಗಾಗುತ್ತವೆ. ನೀರಿನ ಮಿತಬಳಕೆ ಈ ಪದ್ಧತಿಯ ಮುಖ್ಯ ಪ್ರಯೋಜನವಾದರೆ, ವಿದ್ಯುತ್ತಿನ ಅವಲಂಬನೆ ಮತ್ತು ನೀರಿನ ಗುಣಮಟ್ಟದ ನಿರಂತರ ನಿಗಾ ಇದರ ಮುಖ್ಯ ಅಗತ್ಯಗಳು.

ಪದದ ಮೂಲ

ಜಲಜೀವಿಗಳ ಸಾಕಣೆಯನ್ನು ಸೂಚಿಸುವ 'ಆಕ್ವಾಕಲ್ಚರ್' ಮತ್ತು ಮಣ್ಣುರಹಿತ ಕೃಷಿಯನ್ನು ಸೂಚಿಸುವ 'ಹೈಡ್ರೋಪೋನಿಕ್ಸ್' ಎಂಬ ಎರಡು ಪದಗಳ ಭಾಗಗಳನ್ನು ಕೂಡಿಸಿ 'ಆಕ್ವಾಪೋನಿಕ್ಸ್' ಪದವನ್ನು ರಚಿಸಲಾಗಿದೆ. ಕನ್ನಡದಲ್ಲಿ ಇದನ್ನು ಮೀನು–ಸಸ್ಯ ಸಂಯೋಜಿತ ಕೃಷಿ ಎಂದು ವಿವರಿಸಬಹುದಾದರೂ ಬಳಕೆಯಲ್ಲಿ ಆಕ್ವಾಪೋನಿಕ್ಸ್ ಎಂಬ ಹೆಸರೇ ಉಳಿದಿದೆ.

ಇತಿಹಾಸ

ಮೀನು ಮತ್ತು ಬೆಳೆಯನ್ನು ಒಂದೇ ನೀರಿನಲ್ಲಿ ಬೆಳೆಸುವ ಕಲ್ಪನೆ ಹಳೆಯದು. ದಕ್ಷಿಣ ಚೀನಾ ಹಾಗೂ ಆಗ್ನೇಯ ಏಷ್ಯಾದ ಗದ್ದೆಗಳಲ್ಲಿ ಭತ್ತದೊಂದಿಗೆ ಮೀನು ಸಾಕುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಭಾರತದಲ್ಲಿ ಅರುಣಾಚಲ ಪ್ರದೇಶದ ಝೀರೋ ಕಣಿವೆಯ ಅಪಾತಾನಿ ಸಮುದಾಯದವರು ಗದ್ದೆಗಳಲ್ಲಿ ಭತ್ತ ಮತ್ತು ಮೀನನ್ನು ಒಟ್ಟಿಗೆ ಬೆಳೆಯುತ್ತಾರೆ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿ ಮಳೆಗಾಲದ ಭತ್ತದ ಬಳಿಕ ಸೀಗಡಿ ಬೆಳೆಸಲಾಗುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಉದಾಹರಣೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿದೆ. ಅಘನಾಶಿನಿ ನದಿಯ ಅಳಿವೆಯಲ್ಲಿರುವ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಎಂಬ ಭತ್ತದ ತಳಿಯನ್ನು ಬೆಳೆಯಲಾಗುತ್ತದೆ. ಅದೇ ಭೂಮಿಯಲ್ಲಿ ಮೀನು ಮತ್ತು ಸೀಗಡಿಯ ಫಸಲನ್ನೂ ಪಡೆಯಲಾಗುತ್ತದೆ. ಆದರೆ ಇವೆಲ್ಲವೂ ಮಣ್ಣನ್ನು ಆಧರಿಸಿದ ತೆರೆದ ವ್ಯವಸ್ಥೆಗಳಾಗಿದ್ದು, ನೀರನ್ನು ಪಂಪಿನ ಮೂಲಕ ಸುತ್ತಿಸುವ ಆಧುನಿಕ ಆಕ್ವಾಪೋನಿಕ್ಸ್‌ಗಿಂತ ಭಿನ್ನವಾಗಿವೆ.

ಆಧುನಿಕ ಪ್ರಯೋಗಗಳು ಅಮೆರಿಕದಲ್ಲಿ ಆರಂಭವಾದವು. 1969ರಲ್ಲಿ ಜಾನ್ ಟಾಡ್, ನ್ಯಾನ್ಸಿ ಟಾಡ್ ಮತ್ತು ವಿಲಿಯಂ ಮೆಕ್‌ಲಾರ್ನಿ ಸ್ಥಾಪಿಸಿದ ನ್ಯೂ ಆಲ್ಕೆಮಿ ಇನ್‌ಸ್ಟಿಟ್ಯೂಟ್ ಮೀನಿನ ತೊಟ್ಟಿ ಹಾಗೂ ಹಸಿರುಮನೆಯನ್ನು ಜೋಡಿಸುವ ಪ್ರಯತ್ನಗಳನ್ನು ನಡೆಸಿತು. 1980ರ ದಶಕದಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕ್ ಮೆಕ್‌ಮರ್ಟ್ರಿ ಮತ್ತು ಡಗ್ ಸ್ಯಾಂಡರ್ಸ್ ಮರಳಿನ ಹಾಸುಗಳ ಮೂಲಕ ಮೀನಿನ ನೀರನ್ನು ಹಾಯಿಸಿ ತರಕಾರಿ ಬೆಳೆಯುವ ವ್ಯವಸ್ಥೆಯನ್ನು ರೂಪಿಸಿದರು. ಇದೇ ಅವಧಿಯಲ್ಲಿ ಯೂನಿವರ್ಸಿಟಿ ಆಫ್ ದಿ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ಜೇಮ್ಸ್ ರಕೋಸಿ ಮತ್ತು ಸಹೋದ್ಯೋಗಿಗಳು ತೇಲುವ ಹಲಗೆಗಳ ಮೇಲೆ ಸಸ್ಯ ಬೆಳೆಸುವ ಪದ್ಧತಿಯನ್ನು ಅಭಿವೃದ್ಧಿಪಡಿಸಿದರು. ಮೀನಿಗೆ ದಿನಂಪ್ರತಿ ನೀಡುವ ಆಹಾರದ ತೂಕಕ್ಕೂ ಸಸ್ಯ ಬೆಳೆಯುವ ವಿಸ್ತೀರ್ಣಕ್ಕೂ ಇರಬೇಕಾದ ಅನುಪಾತವನ್ನು ಈ ತಂಡವು ನಿರೂಪಿಸಿದ್ದು ವಿನ್ಯಾಸಕ್ಕೆ ದೃಢವಾದ ಆಧಾರವನ್ನು ಒದಗಿಸಿತು. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸಣ್ಣ ಪ್ರಮಾಣದ ಆಕ್ವಾಪೋನಿಕ್ಸ್ ಕುರಿತು ವಿಸ್ತೃತ ತಾಂತ್ರಿಕ ಕೈಪಿಡಿಯನ್ನು ಪ್ರಕಟಿಸಿತು.

ಕಾರ್ಯತತ್ತ್ವ

ಮೀನುಗಳು ಸೇವಿಸಿದ ಪ್ರೋಟೀನಿನಲ್ಲಿರುವ ಸಾರಜನಕದ ಹೆಚ್ಚಿನ ಭಾಗವು ಅಮೋನಿಯಾ ರೂಪದಲ್ಲಿ ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ಅಮೋನಿಯಾ ಮೀನುಗಳಿಗೆ ವಿಷಕಾರಿ. ನೈಟ್ರೊಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೊಸ್ಪೈರಾ ಮತ್ತು ನೈಟ್ರೊಬ್ಯಾಕ್ಟರ್ ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಎರಡು ಹಂತಗಳ ಕ್ರಿಯೆಯನ್ನು ನೈಟ್ರೀಕರಣ ಎನ್ನುತ್ತಾರೆ. ನೈಟ್ರೈಟ್ ಕೂಡ ಮೀನಿಗೆ ಅಪಾಯಕಾರಿ. ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ನೈಟ್ರೇಟ್ ಮಾತ್ರ ಮೀನಿಗೆ ಬಹುಮಟ್ಟಿಗೆ ನಿರಪಾಯಕಾರಿಯಾಗಿದ್ದು ಸಸ್ಯಗಳಿಗೆ ಉತ್ತಮ ಪೋಷಕವಾಗಿದೆ.

ನೈಟ್ರೀಕರಣದ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಜಲ್ಲಿ, ಪ್ಲಾಸ್ಟಿಕ್ ಅಥವಾ ಬೇರುಗಳಂತಹ ಮೇಲ್ಮೈಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ಆದುದರಿಂದ ಪ್ರತಿಯೊಂದು ಘಟಕದಲ್ಲಿಯೂ ಸಾಕಷ್ಟು ಮೇಲ್ಮೈ ಒದಗಿಸುವ ಜೈವಿಕ ಶೋಧಕ ಇರಬೇಕಾಗುತ್ತದೆ. ಇವು ಬೆಳಕಿನಿಂದ ಕುಗ್ಗುತ್ತವೆ ಮತ್ತು ಆಮ್ಲಜನಕವಿಲ್ಲದೆ ಬದುಕಲಾರವು. ಒಂದು ಗ್ರಾಂ ಅಮೋನಿಯಾ ಸಾರಜನಕವು ನೈಟ್ರೇಟ್ ಆಗಿ ಮಾರ್ಪಡಲು ಸುಮಾರು 4.6 ಗ್ರಾಂ ಆಮ್ಲಜನಕವೂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7.1 ಗ್ರಾಂ ಕ್ಷಾರತೆಯೂ ವ್ಯಯವಾಗುತ್ತವೆ. ಚೆನ್ನಾಗಿ ನಡೆಯುತ್ತಿರುವ ಘಟಕದಲ್ಲಿ ನೀರು ನಿಧಾನವಾಗಿ ಆಮ್ಲೀಯವಾಗುತ್ತ ಹೋಗುವುದಕ್ಕೆ ಇದೇ ಕಾರಣ.

ಅಮೋನಿಯಾದ ವಿಷತ್ವವು ನೀರಿನ ರಸಸಾರ ಅಂದರೆ ಪಿಎಚ್ ಮತ್ತು ಉಷ್ಣತೆಯನ್ನು ಅವಲಂಬಿಸಿದೆ. ಅಯಾನೀಕರಣಗೊಳ್ಳದ ಅಮೋನಿಯಾ ಹೆಚ್ಚು ವಿಷಕಾರಿ. 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ರಸಸಾರ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಇದರ ಪಾಲು ಶೇ. 1ಕ್ಕಿಂತ ಕಡಿಮೆ ಇರುತ್ತದೆ; ರಸಸಾರ 8ಕ್ಕೆ ಏರಿದರೆ ಅದು ಶೇ. 7ನ್ನು ಮೀರುತ್ತದೆ. ಹೀಗಾಗಿ ಬಿಸಿಯಾದ, ಕ್ಷಾರೀಯ ನೀರಿರುವ ಪ್ರದೇಶಗಳಲ್ಲಿ ಅಮೋನಿಯಾದ ಅಲ್ಪ ಹೆಚ್ಚಳವೂ ಮೀನುಗಳ ಸಾವಿಗೆ ಕಾರಣವಾಗಬಹುದು.

ಮುಖ್ಯ ಭಾಗಗಳು

ಸಾಮಾನ್ಯವಾಗಿ ಒಂದು ಘಟಕದಲ್ಲಿ ಈ ಕೆಳಗಿನ ಭಾಗಗಳಿರುತ್ತವೆ:

• ಮೀನಿನ ತೊಟ್ಟಿ – ದುಂಡಾದ ತೊಟ್ಟಿಯಲ್ಲಿ ನೀರು ಸುತ್ತುವುದರಿಂದ ತ್ಯಾಜ್ಯವು ನಡುವೆ ಸೇರುತ್ತದೆ. ಸಣ್ಣ ಘಟಕಗಳಿಗೆ ಸುಮಾರು 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಬಳಸಲಾಗುತ್ತದೆ.
• ಘನತ್ಯಾಜ್ಯ ಶೋಧಕ – ಮಲ ಮತ್ತು ತಿನ್ನದೆ ಉಳಿದ ಆಹಾರವನ್ನು ತಳದಲ್ಲಿ ಕೂರಿಸಿ ತೆಗೆಯುತ್ತದೆ.
• ಜೈವಿಕ ಶೋಧಕ – ಬ್ಯಾಕ್ಟೀರಿಯಾ ನೆಲೆಸುವ ಭಾಗ. ಜಲ್ಲಿಹಾಸಿನ ಘಟಕದಲ್ಲಿ ಹಾಸೇ ಈ ಕೆಲಸವನ್ನು ಮಾಡುತ್ತದೆ.
• ಸಸ್ಯದ ಹಾಸು – ಜಲ್ಲಿ ತುಂಬಿದ ತೊಟ್ಟಿ, ತೇಲುವ ಹಲಗೆ ಅಥವಾ ಕೊಳವೆ.
• ಸಂಗ್ರಹ ತೊಟ್ಟಿ ಮತ್ತು ಪಂಪು – ವ್ಯವಸ್ಥೆಯ ಅತಿ ತಗ್ಗಿನ ಸ್ಥಳದಲ್ಲಿ ನೀರನ್ನು ಸಂಗ್ರಹಿಸಿ ಮೇಲೆತ್ತುತ್ತವೆ.
• ಗಾಳಿಯ ಪಂಪು – ಗಾಳಿಕಲ್ಲುಗಳ ಮೂಲಕ ನೀರಿಗೆ ಆಮ್ಲಜನಕ ಸೇರಿಸುತ್ತದೆ.

ವಿಧಗಳು

ಜಲ್ಲಿಹಾಸಿನ ಪದ್ಧತಿ: ಸುಮಾರು 30 ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ 8ರಿಂದ 20 ಮಿಲಿಮೀಟರ್ ಗಾತ್ರದ ಜಲ್ಲಿ ತುಂಬಿ ಸಸಿ ನೆಡಲಾಗುತ್ತದೆ. ನೀರು ಹಾಸನ್ನು ತುಂಬಿ ಮತ್ತೆ ಬರಿದಾಗುವಂತೆ ಗಂಟೆಯಾಕಾರದ ಸೈಫನ್ ಅಳವಡಿಸುವುದುಂಟು. ನೀರಿನ ಮಟ್ಟವು ಒಳಕೊಳವೆಯ ತುದಿಯನ್ನು ದಾಟಿದಾಗ ಸೈಫನ್ ಆರಂಭವಾಗಿ ನೀರನ್ನು ರಭಸದಿಂದ ಹೊರಗೆಳೆಯುತ್ತದೆ. ತಳದಲ್ಲಿ ಗಾಳಿ ಒಳಹೊಕ್ಕೊಡನೆ ನಿಲ್ಲುತ್ತದೆ. ನೀರು ಇಳಿದಂತೆ ಗಾಳಿ ಬೇರುಗಳಿಗೆ ತಲಪುತ್ತದೆ. ಮೇಲಿನ 2ರಿಂದ 5 ಸೆಂಟಿಮೀಟರ್ ಪದರವನ್ನು ಒಣಗಿರುವಂತೆ ಇಡುವುದರಿಂದ ಪಾಚಿ ಮತ್ತು ಕಾಂಡ ಕೊಳೆತ ಕಡಿಮೆಯಾಗುತ್ತವೆ. ಆರಂಭಿಕರಿಗೆ ಇದು ಸುಲಭವಾದ ವಿಧವೆಂದು ಪರಿಗಣಿಸಲಾಗಿದೆ.

ತೇಲುಹಲಗೆ ಪದ್ಧತಿ: ಸುಮಾರು 30 ಸೆಂಟಿಮೀಟರ್ ಆಳದ ನೀರಿನ ಮೇಲೆ ತೂತುಗಳಿರುವ ಥರ್ಮೋಕೋಲಿನಂತಹ ಹಲಗೆಗಳನ್ನು ತೇಲಿಬಿಟ್ಟು ಅವುಗಳಲ್ಲಿ ಸಸಿಗಳನ್ನು ಇರಿಸಲಾಗುತ್ತದೆ. ನೀರಿನ ಪ್ರಮಾಣ ಹೆಚ್ಚಿರುವುದರಿಂದ ಉಷ್ಣತೆ ಬೇಗನೆ ಏರಿಳಿಯುವುದಿಲ್ಲ. ಪ್ರತ್ಯೇಕ ಘನತ್ಯಾಜ್ಯ ಶೋಧಕ ಅಗತ್ಯ; ಇಲ್ಲದಿದ್ದರೆ ಕೆಸರು ಬೇರುಗಳಿಗೆ ಅಂಟಿಕೊಂಡು ಉಸಿರುಗಟ್ಟಿಸುತ್ತದೆ. ವಾಣಿಜ್ಯ ಘಟಕಗಳಲ್ಲಿ ಈ ವಿಧ ಹೆಚ್ಚು ಬಳಕೆಯಲ್ಲಿದೆ.

ಕೊಳವೆ ಪದ್ಧತಿ: ಇಳಿಜಾರಾಗಿ ಇರಿಸಿದ ಕೊಳವೆಗಳ ತಳದಲ್ಲಿ ನೀರಿನ ತೆಳುವಾದ ಪದರ ಹರಿಯುತ್ತದೆ. ಇದು ಹಗುರವಾಗಿದ್ದು ಸ್ಥಳ ಉಳಿಸುತ್ತದೆ. ಆದರೆ ಬಿಸಿಲಿನಲ್ಲಿ ತೆಳುವಾದ ನೀರು ಬೇಗ ಕಾಯುತ್ತದೆ ಮತ್ತು ಪಂಪು ನಿಂತರೆ ಬೇರುಗಳು ಬೇಗನೆ ಒಣಗುತ್ತವೆ. ಹೀಗಾಗಿ ಬಿಸಿ ಪ್ರದೇಶಗಳಿಗೆ ಇದು ಅಷ್ಟಾಗಿ ಸೂಕ್ತವಲ್ಲ.

ಪ್ರಮಾಣದ ಲೆಕ್ಕಾಚಾರ

ಆಕ್ವಾಪೋನಿಕ್ಸ್ ಘಟಕದ ಗಾತ್ರವನ್ನು ತೊಟ್ಟಿಯ ಅಳತೆಯಿಂದಲ್ಲ, ಮೀನಿಗೆ ದಿನವೊಂದಕ್ಕೆ ಹಾಕುವ ಆಹಾರದ ತೂಕದಿಂದ ನಿರ್ಧರಿಸಬೇಕಾಗುತ್ತದೆ. ವ್ಯವಸ್ಥೆಗೆ ಹೊರಗಿನಿಂದ ಸೇರುವ ಪೋಷಕಗಳ ಮುಖ್ಯ ಮೂಲ ಆ ಆಹಾರವೇ ಆಗಿದೆ. ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿಯಂತೆ ಸೊಪ್ಪು ಬೆಳೆಗಳಿಗೆ ಪ್ರತಿ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ, ಕಾಯಿ ಬಿಡುವ ಬೆಳೆಗಳಿಗೆ 50ರಿಂದ 80 ಗ್ರಾಂ ಮೀನಿನ ಆಹಾರ ಬೇಕಾಗುತ್ತದೆ. ಬೆಳೆದ ಮೀನುಗಳು ದಿನಕ್ಕೆ ತಮ್ಮ ತೂಕದ ಶೇ. 1ರಿಂದ 2ರಷ್ಟು ಆಹಾರ ತಿನ್ನುತ್ತವೆ. ಸಣ್ಣ ಘಟಕಗಳಲ್ಲಿ 1000 ಲೀಟರ್ ನೀರಿಗೆ 20 ಕಿಲೋಗ್ರಾಂಗಿಂತ ಹೆಚ್ಚು ಮೀನು ಇಡದಿರುವುದು ಸುರಕ್ಷಿತ.

ಉದಾಹರಣೆಗೆ, 1000 ಲೀಟರಿನ ತೊಟ್ಟಿಯಲ್ಲಿ 20 ಕಿಲೋಗ್ರಾಂ ಮೀನು ಇದ್ದು ಶೇ. 1ರಂತೆ ಆಹಾರ ಹಾಕಿದರೆ ದಿನಕ್ಕೆ 200 ಗ್ರಾಂ ಆಗುತ್ತದೆ. ಇದು ಸುಮಾರು 4 ಚದರ ಮೀಟರ್ ಸೊಪ್ಪಿಗೆ ಸಾಲುತ್ತದೆ. ಆಹಾರದಲ್ಲಿ ಶೇ. 32 ಪ್ರೋಟೀನ್ ಇದ್ದರೆ 200 ಗ್ರಾಂನಲ್ಲಿ 64 ಗ್ರಾಂ ಪ್ರೋಟೀನ್, ಅಂದರೆ ಸುಮಾರು 10 ಗ್ರಾಂ ಸಾರಜನಕ ಇರುತ್ತದೆ. ಇದರಲ್ಲಿ 6 ಗ್ರಾಂ ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆಂದು ಭಾವಿಸಿದರೆ, ಅದನ್ನು ನೈಟ್ರೇಟ್ ಆಗಿಸಲು ದಿನಕ್ಕೆ ಸುಮಾರು 27 ಗ್ರಾಂ ಆಮ್ಲಜನಕ ಮತ್ತು 43 ಗ್ರಾಂ ಕ್ಷಾರತೆ ಖರ್ಚಾಗುತ್ತವೆ. 4 ಚದರ ಮೀಟರ್ ವಿಸ್ತೀರ್ಣದ, 30 ಸೆಂಟಿಮೀಟರ್ ಆಳದ ಹಾಸಿಗೆ 1.2 ಘನಮೀಟರ್ ಜಲ್ಲಿ ಬೇಕು. ಅದರ ತೂಕ 2 ಟನ್‌ಗೆ ಸಮೀಪಿಸುವುದರಿಂದ ಮನೆಯ ಮಾಳಿಗೆಯ ಮೇಲೆ ಇಂತಹ ಘಟಕ ಕಟ್ಟುವ ಮುನ್ನ ತಾರಸಿಯ ಧಾರಣಶಕ್ತಿಯನ್ನು ಎಂಜಿನಿಯರರಿಂದ ಪರೀಕ್ಷಿಸಿಕೊಳ್ಳುವುದು ಅವಶ್ಯ.

ಈ ಲೆಕ್ಕವು ಮೀನು ಪೂರ್ಣವಾಗಿ ಬೆಳೆದಾಗ ಮಾತ್ರ ಸರಿಹೊಂದುತ್ತದೆ. ತಲಾ 10 ಗ್ರಾಂನ 40 ಮರಿಗಳನ್ನು ಬಿಟ್ಟಾಗ ಒಟ್ಟು ತೂಕ 400 ಗ್ರಾಂ ಮಾತ್ರ ಇದ್ದು, ಶೇ. 5ರಂತೆ ದಿನಕ್ಕೆ 20 ಗ್ರಾಂ ಆಹಾರ ಸಾಕಾಗುತ್ತದೆ. ಅದು ಅರ್ಧ ಚದರ ಮೀಟರ್ ಸೊಪ್ಪಿಗೂ ಸಾಲದು. ಆರಂಭದಲ್ಲಿಯೇ ಇಡೀ ಹಾಸಿಗೆ ಸಸಿ ನೆಟ್ಟರೆ ಎಲೆಗಳು ಹಳದಿಯಾಗುವುದಕ್ಕೆ ಇದು ಸಾಮಾನ್ಯ ಕಾರಣ. ಆದುದರಿಂದ ಮರಿಗಳನ್ನು ಹಲವು ಕಂತುಗಳಲ್ಲಿ ಬಿಡುವುದು ಹಾಗೂ ಸಸ್ಯಗಳನ್ನು ಮೀನಿನ ಬೆಳವಣಿಗೆಗೆ ಅನುಗುಣವಾಗಿ ಹೆಚ್ಚಿಸುತ್ತ ಹೋಗುವುದು ರೂಢಿಯಲ್ಲಿದೆ.

ನಿರ್ಮಾಣದ ಕ್ರಮ

1. ಸ್ಥಳದ ಆಯ್ಕೆ: ಸಸ್ಯಗಳಿಗೆ ಬೆಳಕು, ಮೀನಿನ ತೊಟ್ಟಿಗೆ ನೆರಳು ದೊರೆಯುವ ಸಮತಟ್ಟಾದ ಜಾಗ ಬೇಕು. ನೀರು ತುಂಬಿದ ತೊಟ್ಟಿಯ ಭಾರಕ್ಕೆ ನೆಲ ಕುಸಿಯದಂತೆ ಗಟ್ಟಿಗೊಳಿಸಬೇಕು. ಕಪ್ಪು ಎರೆಮಣ್ಣು ಒಣಗಿದಾಗ ಬಿರಿದು ನೆನೆದಾಗ ಉಬ್ಬುವುದರಿಂದ ಅಂತಹ ನೆಲದಲ್ಲಿ ಮೊರಂ ಮತ್ತು ಜಲ್ಲಿಯ ಪಾಯ ಹಾಕಬೇಕಾಗುತ್ತದೆ.

2. ನೀರಿನ ಪರೀಕ್ಷೆ: ತೊಟ್ಟಿ ಖರೀದಿಸುವ ಮೊದಲೇ ನೀರಿನ ರಸಸಾರ, ಗಡಸುತನ, ಲವಣಾಂಶ ಮತ್ತು ಸೋಡಿಯಂ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದೆರಡು ದಿನ ಗಾಳಿಯಾಡಿಸಿ ಬಳಸಬೇಕು.

3. ಜಲ್ಲಿಯ ಪರೀಕ್ಷೆ: ಜಲ್ಲಿಯ ಮೇಲೆ ವಿನೆಗರ್ ಹನಿಸಿದಾಗ ಗುಳ್ಳೆಗಳು ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆಯೆಂದು ಅರ್ಥ. ಅಂತಹ ಕಲ್ಲು ರಸಸಾರವನ್ನು ಸದಾ ಮೇಲಕ್ಕೆ ಎಳೆಯುತ್ತದೆ. ಗ್ರಾನೈಟ್ ಜಲ್ಲಿ ಸೂಕ್ತವಾದುದು. ಕಲ್ಯಾಣ ಕರ್ನಾಟಕದಲ್ಲಿ ನೆಲಹಾಸಿಗೆ ಬಳಸುವ ಶಹಾಬಾದ್ ಕಲ್ಲು ಸುಣ್ಣಕಲ್ಲಾಗಿರುವುದರಿಂದ ಅದರ ಚೂರುಗಳನ್ನು ಬಳಸಬಾರದು. ಯಾವುದೇ ಜಲ್ಲಿಯನ್ನು ಧೂಳು ಹೋಗುವಂತೆ ಚೆನ್ನಾಗಿ ತೊಳೆದು ತುಂಬಬೇಕು.

4. ಕೊಳಾಯಿ ಜೋಡಣೆ: ನೀರನ್ನು ಒಂದೇ ಕಡೆ ಪಂಪಿನಿಂದ ಎತ್ತಿ ಉಳಿದೆಡೆ ಇಳಿಜಾರಿನಿಂದ ಹರಿಯುವಂತೆ ಮಾಡಬೇಕು. ಪಂಪು ಗಂಟೆಗೆ ಕನಿಷ್ಠ ಒಮ್ಮೆ ಮೀನಿನ ತೊಟ್ಟಿಯ ಪೂರ್ಣ ನೀರನ್ನು ಸುತ್ತಿಸುವಷ್ಟು ಸಾಮರ್ಥ್ಯ ಹೊಂದಿರಬೇಕು. ಕೊಳವೆ ಒಡೆದರೂ ಮೀನಿನ ತೊಟ್ಟಿ ಬರಿದಾಗದಂತೆ ಹೊರಹರಿವನ್ನು ಮೇಲ್ಮಟ್ಟದಲ್ಲಿ ಇಡುವುದು ಉತ್ತಮ. ತಾಮ್ರ ಮತ್ತು ಸತು ಲೇಪಿತ ಲೋಹಗಳು ಮೀನಿಗೆ ಹಾನಿಕರವಾದುದರಿಂದ ನೀರಿಗೆ ತಾಗುವೆಡೆ ಪ್ಲಾಸ್ಟಿಕ್ ಕೊಳವೆಗಳನ್ನೇ ಬಳಸಲಾಗುತ್ತದೆ.

5. ಬ್ಯಾಕ್ಟೀರಿಯಾ ಸ್ಥಾಪನೆ: ಮೀನು ಬಿಡುವ ಮುನ್ನ ಬ್ಯಾಕ್ಟೀರಿಯಾಗಳನ್ನು ಬೆಳೆಸಬೇಕಾಗುತ್ತದೆ. ಇದಕ್ಕಾಗಿ ಶುದ್ಧ ಅಮೋನಿಯಂ ಕ್ಲೋರೈಡನ್ನು ನೀರಿಗೆ ಸೇರಿಸಿ ಪಂಪು ಮತ್ತು ಗಾಳಿಯನ್ನು ಸತತವಾಗಿ ನಡೆಸಲಾಗುತ್ತದೆ. 1000 ಲೀಟರ್ ನೀರಿಗೆ ಸುಮಾರು 8 ಗ್ರಾಂ ಸೇರಿಸಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಸಾರಜನಕ ದೊರೆಯುತ್ತದೆ. ಮೊದಲು ಅಮೋನಿಯಾ, ಬಳಿಕ ನೈಟ್ರೈಟ್ ಏರಿ ಇಳಿದು, ಕೊನೆಗೆ ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಸೇರಿಸಿದ ಅಮೋನಿಯಾ ಒಂದು ದಿನದಲ್ಲಿ ನೈಟ್ರೇಟ್ ಆಗಿ ಮಾರ್ಪಟ್ಟರೆ ಘಟಕ ಸಿದ್ಧವಾಗಿದೆಯೆಂದು ತಿಳಿಯಬಹುದು. ಈ ಹಂತಕ್ಕೆ ಸಾಮಾನ್ಯವಾಗಿ 25ರಿಂದ 40 ದಿನಗಳು ಬೇಕು. ಇದನ್ನು ಕಾಯದೆ ಮೀನು ತುಂಬಿಸುವುದು ಹೊಸ ಘಟಕಗಳ ವೈಫಲ್ಯಕ್ಕೆ ಮುಖ್ಯ ಕಾರಣಗಳಲ್ಲೊಂದು.

6. ಮೀನು ಮತ್ತು ಸಸಿ: ಮರಿಗಳ ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಸಿ ಉಷ್ಣತೆ ಸಮವಾದ ಬಳಿಕ ನಿಧಾನವಾಗಿ ಬಿಡಬೇಕು. ಮೊದಲ ವಾರಗಳಲ್ಲಿ ಆಹಾರವನ್ನು ಕಡಿಮೆ ಹಾಕಿ ಅಮೋನಿಯಾ ಮತ್ತು ನೈಟ್ರೈಟನ್ನು ದಿನವೂ ಅಳೆಯಬೇಕು.

ನೀರಿನ ಗುಣಮಟ್ಟ

ಮೀನು, ಬ್ಯಾಕ್ಟೀರಿಯಾ ಮತ್ತು ಸಸ್ಯಗಳ ಅಗತ್ಯಗಳು ಒಂದೇ ಅಲ್ಲ. ನೈಟ್ರೀಕರಣಕ್ಕೆ ರಸಸಾರ 7ಕ್ಕಿಂತ ಮೇಲಿರುವುದು ಅನುಕೂಲ. ಸಸ್ಯಗಳು 6ರ ಆಸುಪಾಸಿನಲ್ಲಿ ಪೋಷಕಗಳನ್ನು ಸುಲಭವಾಗಿ ಹೀರುತ್ತವೆ. ಆದುದರಿಂದ ಎಲ್ಲರಿಗೂ ಸಹ್ಯವಾಗುವ ಮಧ್ಯಮ ಮಟ್ಟವನ್ನು ಕಾಯ್ದುಕೊಳ್ಳಲಾಗುತ್ತದೆ:

• ರಸಸಾರ: 6ರಿಂದ 7
• ಉಷ್ಣತೆ: 18ರಿಂದ 30 ಡಿಗ್ರಿ ಸೆಲ್ಸಿಯಸ್
• ಕರಗಿದ ಆಮ್ಲಜನಕ: ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚು
• ಅಮೋನಿಯಾ ಮತ್ತು ನೈಟ್ರೈಟ್: ತಲಾ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ, ಸಾಧ್ಯವಾದಷ್ಟು ಸೊನ್ನೆ
• ನೈಟ್ರೇಟ್: ಲೀಟರಿಗೆ 5ರಿಂದ 150 ಮಿಲಿಗ್ರಾಂ

ರಸಸಾರ 6ಕ್ಕಿಂತ ಕೆಳಗಿಳಿದರೆ ನೈಟ್ರೀಕರಣ ಕುಂಠಿತಗೊಳ್ಳುತ್ತದೆ. ಆಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಒಂದಾದ ಮೇಲೊಂದರಂತೆ ಅಲ್ಪ ಪ್ರಮಾಣದಲ್ಲಿ ಸೇರಿಸಲಾಗುತ್ತದೆ. ಮೀನಿನ ಆಹಾರದಲ್ಲಿ ಸಸ್ಯಗಳಿಗೆ ಸಾಕಾಗುವಷ್ಟು ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಕಬ್ಬಿಣ ಇರುವುದಿಲ್ಲವಾದ್ದರಿಂದ ಈ ಕ್ರಮವು ಎರಡು ಕೊರತೆಗಳನ್ನೂ ನೀಗಿಸುತ್ತದೆ. ಕಬ್ಬಿಣವನ್ನು ಕೀಲೇಟ್ ರೂಪದಲ್ಲಿ ಪ್ರತ್ಯೇಕವಾಗಿ ನೀಡಬೇಕು. ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದು ಕಬ್ಬಿಣದ ಕೊರತೆಯ ಲಕ್ಷಣ.

ಸೂಕ್ತ ಮೀನುಗಳು

ಜಗತ್ತಿನಾದ್ಯಂತ ಈ ಪದ್ಧತಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಮೀನು ತಿಲಾಪಿಯ. ಅದು ಬಿಸಿನೀರನ್ನೂ ನೀರಿನ ಗುಣಮಟ್ಟದ ಏರುಪೇರನ್ನೂ ಸಹಿಸುತ್ತದೆ. ಅನುಕೂಲಕರ ಉಷ್ಣತೆಯಲ್ಲಿ 50 ಗ್ರಾಂನ ಮರಿಯು 6ರಿಂದ 8 ತಿಂಗಳಲ್ಲಿ 500 ಗ್ರಾಂ ತೂಗುತ್ತದೆ. ಆದರೆ ಅದು ಹೊರದೇಶದ ತಳಿಯಾಗಿದ್ದು, ನದಿ–ಕೆರೆಗಳಿಗೆ ಸೇರಿದರೆ ಸ್ಥಳೀಯ ಮೀನುಗಳಿಗೆ ಧಕ್ಕೆ ತರುವುದರಿಂದ ಭಾರತದಲ್ಲಿ ಅದರ ಸಾಕಣೆಗೆ ಸರ್ಕಾರದ ಅನುಮತಿ ಮತ್ತು ಮಾರ್ಗಸೂಚಿಗಳ ಪಾಲನೆ ಅಗತ್ಯ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ಸಾಮಾನ್ಯ ಗೆಂಡೆ ಮತ್ತು ಪಂಗಾಸಿಯಸ್ ಮೀನುಗಳನ್ನು ತೊಟ್ಟಿಗಳಲ್ಲಿ ಸಾಕಬಹುದು. ಕಾಟ್ಲಾ, ರೋಹು ಮತ್ತು ಮೃಗಾಲ್ ಕೆರೆಗಳಿಗೆ ಒಗ್ಗಿದ ಮೀನುಗಳಾಗಿದ್ದು ಸಣ್ಣ ತೊಟ್ಟಿಗಳಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ. ಮೀನು ತಿನ್ನದ ಕುಟುಂಬಗಳು ಕೋಯಿ ಹಾಗೂ ಗೋಲ್ಡ್‌ಫಿಶ್‌ನಂತಹ ಅಲಂಕಾರಿಕ ಮೀನುಗಳನ್ನು ಸಾಕಿ ಸೊಪ್ಪು ಬೆಳೆಯುವುದುಂಟು.

ಸೂಕ್ತ ಬೆಳೆಗಳು

ಬೇಗ ಕೊಯ್ಲಿಗೆ ಬರುವ ಸೊಪ್ಪುಗಳು ಅತ್ಯಂತ ಸೂಕ್ತ. ಪಾಲಕ್, ರಾಜಗಿರಿ, ಪುದೀನ, ತುಳಸಿ, ಕೊತ್ತಂಬರಿ ಮತ್ತು ಲೆಟ್ಯೂಸ್ ಇವುಗಳಲ್ಲಿ ಮುಖ್ಯವಾದವು. ಪಾಲಕ್ ಮತ್ತು ಲೆಟ್ಯೂಸ್ ಕಡು ಬೇಸಿಗೆಯಲ್ಲಿ ಬೇಗ ಹೂಕಾಂಡ ಬಿಡುವುದರಿಂದ ಬಿಸಿ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಬೆಳೆಯುವುದು ಒಳಿತು. ರಾಜಗಿರಿ ಬಿಸಿಲನ್ನು ಸಹಿಸುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆ, ಸೌತೆಗಳಿಗೆ ಹೆಚ್ಚು ಪೋಷಕಗಳು ಬೇಕಾಗುವುದರಿಂದ ಅವುಗಳನ್ನು ಘಟಕ ಕೆಲವು ತಿಂಗಳು ನಡೆದ ಬಳಿಕ ನೆಡಲಾಗುತ್ತದೆ. ಧಾನ್ಯಗಳು ಮತ್ತು ಗೆಡ್ಡೆಬೆಳೆಗಳು ಈ ಪದ್ಧತಿಯಲ್ಲಿ ಲಾಭದಾಯಕವಲ್ಲ.

ಕೀಟ ನಿಯಂತ್ರಣಕ್ಕೆ ರಾಸಾಯನಿಕಗಳನ್ನು ಬಳಸುವಂತಿಲ್ಲ. ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಬಳಸುವ ಪೈರಿಥ್ರಾಯ್ಡ್ ವರ್ಗದ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನುಗಳನ್ನು ಕೊಲ್ಲುತ್ತವೆ. ಪಕ್ಕದ ಹೊಲದ ಸಿಂಪಡಣೆಯ ತುಂತುರು ಗಾಳಿಯಲ್ಲಿ ತೇಲಿಬರದಂತೆ ತೊಟ್ಟಿಯನ್ನು ಮುಚ್ಚಿಡಬೇಕಾಗುತ್ತದೆ. ಕೀಟನಿರೋಧಕ ಬಲೆ ಹಾಗೂ ಅಂಟುಹಾಳೆಗಳು ಸುರಕ್ಷಿತ ಕ್ರಮಗಳು. ಗೋಮೂತ್ರ, ಸಗಣಿ ಅಥವಾ ಜೀವಾಮೃತವನ್ನು ನೀರಿಗೆ ಸೇರಿಸಬಾರದು. ಅವು ಅಮೋನಿಯಾವನ್ನು ಹಠಾತ್ತನೆ ಏರಿಸುವುದಲ್ಲದೆ ಹಸಿಯಾಗಿ ತಿನ್ನುವ ಸೊಪ್ಪಿಗೆ ರೋಗಾಣುಗಳನ್ನು ಸೇರಿಸಬಲ್ಲವು.

ವಿದ್ಯುತ್ ಮತ್ತು ಆಮ್ಲಜನಕ

ವಿದ್ಯುತ್ ಕಡಿತವು ಈ ಪದ್ಧತಿಯ ಅತಿ ದೊಡ್ಡ ಅಪಾಯವಾಗಿದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಗರಿಷ್ಠ 8.3 ಮಿಲಿಗ್ರಾಂ ಕರಗಿದರೆ 35 ಡಿಗ್ರಿಯಲ್ಲಿ 6.9 ಮಿಲಿಗ್ರಾಂ ಮಾತ್ರ. ಒಂದು ಕಿಲೋಗ್ರಾಂ ಮೀನು ಬಿಸಿನೀರಿನಲ್ಲಿ ಗಂಟೆಗೆ ಸುಮಾರು 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬಳಸುತ್ತದೆಂದು ಹಿಡಿದರೆ, 20 ಕಿಲೋಗ್ರಾಂ ಮೀನಿಗೆ ಗಂಟೆಗೆ 4ರಿಂದ 6 ಗ್ರಾಂ ಬೇಕು. 1000 ಲೀಟರಿನ ತೊಟ್ಟಿಯಲ್ಲಿ ಇರುವುದೇ ಸುಮಾರು 6 ಗ್ರಾಂ. ಅಂದರೆ ಗಾಳಿ ನಿಂತ ಒಂದು ಗಂಟೆಯ ಆಸುಪಾಸಿನಲ್ಲಿ ಮೀನುಗಳು ಉಸಿರಿಗಾಗಿ ಮೇಲ್ಮೈಗೆ ಬರುತ್ತವೆ.

ಈ ಕಾರಣದಿಂದ ನೀರೆತ್ತುವ ಪಂಪಿಗಿಂತ ಗಾಳಿಯ ಪಂಪಿಗೆ ಬ್ಯಾಟರಿ ಬೆಂಬಲ ಒದಗಿಸುವುದು ಹೆಚ್ಚು ಮುಖ್ಯ. 20 ವ್ಯಾಟಿನ ಗಾಳಿಯ ಪಂಪು 8 ಗಂಟೆ ನಡೆಯಲು 160 ವ್ಯಾಟ್–ಗಂಟೆ ಶಕ್ತಿ ಬೇಕು. 12 ವೋಲ್ಟಿನ 100 ಆಂಪಿಯರ್–ಗಂಟೆ ಬ್ಯಾಟರಿಯ ಅರ್ಧ ಶಕ್ತಿಯೂ ಇದಕ್ಕೆ ಧಾರಾಳವಾಗಿ ಸಾಕಾಗುತ್ತದೆ. ಬೆಂಬಲವಿಲ್ಲದಿದ್ದರೆ ಮೀನಿನ ಸಂಖ್ಯೆಯನ್ನು ಅರ್ಧಕ್ಕಿಳಿಸುವುದು ಮತ್ತು ವಿದ್ಯುತ್ ಇಲ್ಲದಾಗ ಆಹಾರ ಹಾಕದಿರುವುದು ಅಪಾಯವನ್ನು ಕಡಿಮೆ ಮಾಡುತ್ತವೆ. 40 ವ್ಯಾಟಿನ ನೀರಿನ ಪಂಪು ಮತ್ತು 20 ವ್ಯಾಟಿನ ಗಾಳಿಯ ಪಂಪು ಸದಾ ನಡೆದರೆ ತಿಂಗಳಿಗೆ ಸುಮಾರು 43 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ.

ರಾಯಚೂರು ಪ್ರದೇಶದ ಪರಿಸ್ಥಿತಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯು ನೀರಾವರಿ ಮತ್ತು ಬರ ಎರಡನ್ನೂ ಅಕ್ಕಪಕ್ಕದಲ್ಲಿ ಕಾಣುವ ಪ್ರದೇಶವಾಗಿದೆ. ಸಿಂಧನೂರು, ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳ ಜಮೀನುಗಳು ತುಂಗಭದ್ರಾ ಎಡದಂಡೆ ಕಾಲುವೆಯನ್ನೂ, ದೇವದುರ್ಗ ತಾಲ್ಲೂಕಿನವು ನಾರಾಯಣಪುರ ಬಲದಂಡೆ ಕಾಲುವೆಯನ್ನೂ ಅವಲಂಬಿಸಿವೆ. ಮಾನ್ವಿ ತಾಲ್ಲೂಕಿನ ಪೋತ್ನಾಳ ಸುತ್ತಮುತ್ತ ಭತ್ತ ಪ್ರಧಾನ ಬೆಳೆ. ಸುಮಾರು 133 ಟಿಎಂಸಿ ಸಾಮರ್ಥ್ಯಕ್ಕೆಂದು ನಿರ್ಮಿಸಲಾದ ತುಂಗಭದ್ರಾ ಜಲಾಶಯವು ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಗಿ ಅಪಾರ ಪ್ರಮಾಣದ ನೀರು ನದಿಗೆ ಹರಿಯಿತು. ಕಾಲುವೆಯ ಕೊನೆಯ ಭಾಗದ ಜಮೀನುಗಳಿಗೆ ನೀರು ತಲಪದಿರುವುದು ಈ ಭಾಗದಲ್ಲಿ ಬಹುಕಾಲದ ಸಮಸ್ಯೆ. ಮತ್ತೊಂದೆಡೆ ಸತತ ನೀರಾವರಿಯಿಂದ ಜೌಗು ಮತ್ತು ಸವಳು ಹೆಚ್ಚಿದ ಭೂಮಿಯೂ ತುಂಗಭದ್ರಾ ಅಚ್ಚುಕಟ್ಟಿನಲ್ಲಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣಿನ ಕುರಿತು ಸಂಶೋಧನೆ ನಡೆಯುತ್ತದೆ.

ಮಣ್ಣನ್ನು ಅವಲಂಬಿಸದ, ನೀರನ್ನು ಮರುಬಳಸುವ ಆಕ್ವಾಪೋನಿಕ್ಸ್ ಇಂತಹ ಪ್ರದೇಶಕ್ಕೆ ಮೇಲ್ನೋಟಕ್ಕೆ ಹೊಂದಿಕೆಯಾಗುವಂತೆ ತೋರುತ್ತದೆ. ಘಟಕದಲ್ಲಿ ದಿನಕ್ಕೆ ಒಟ್ಟು ನೀರಿನ ಶೇ. 1ರಿಂದ 3ರಷ್ಟು ಮಾತ್ರ ನಷ್ಟವಾಗುತ್ತದೆಂದು ಅಂದಾಜಿಸಲಾಗಿದ್ದು, ಕಡು ಬೇಸಿಗೆಯಲ್ಲಿ ಇದು ಹೆಚ್ಚಬಹುದು. 4 ಚದರ ಮೀಟರ್ ಸೊಪ್ಪು ದಿನಕ್ಕೆ 5ರಿಂದ 8 ಮಿಲಿಮೀಟರ್ ನೀರನ್ನು ಆವಿಯಾಗಿಸಿದರೆ 20ರಿಂದ 32 ಲೀಟರ್ ಸೇರಿಸಬೇಕಾಗುತ್ತದೆ. ಇದು ಒಂದೆರಡು ಕೊಡ ನೀರಿಗೆ ಸಮ.

ಆದರೆ ಮೂರು ಅಡೆತಡೆಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದು ಉಷ್ಣತೆ: ಬೇಸಿಗೆಯಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿಯನ್ನು ಮೀರುತ್ತದೆ. ತೊಟ್ಟಿಯ ಅರ್ಧ ಭಾಗವನ್ನು ನೆಲದಲ್ಲಿ ಹೂಳುವುದು, ಹೊರಮೈಗೆ ಬಿಳಿ ಬಣ್ಣ ಬಳಿಯುವುದು ಮತ್ತು ನೆರಳುಬಲೆ ಕಟ್ಟುವುದು ಅನಿವಾರ್ಯ. ಎರಡನೆಯದು ಕೊಳವೆಬಾವಿಯ ನೀರು: ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಲವಣ ಮತ್ತು ಫ್ಲೋರೈಡ್ ಹೆಚ್ಚಾಗಿವೆ. ನೀರು ಆವಿಯಾದಾಗ ಲವಣಗಳು ತೊಟ್ಟಿಯಲ್ಲಿಯೇ ಉಳಿಯುವುದರಿಂದ, ಪ್ರತಿದಿನ ಅದೇ ನೀರನ್ನು ತುಂಬಿಸುತ್ತ ಹೋದಂತೆ ಸೋಡಿಯಂ ಸಾಂದ್ರಗೊಂಡು ಸಸ್ಯಗಳು ಸೊರಗುತ್ತವೆ. ಮುಚ್ಚಿದ ಚಕ್ರವು ನೀರನ್ನು ಉಳಿಸುವಂತೆಯೇ ಉಪ್ಪನ್ನೂ ಉಳಿಸಿಕೊಳ್ಳುತ್ತದೆ. ಮಳೆನೀರನ್ನು ಸಂಗ್ರಹಿಸಿ ಬೆರೆಸುವುದು ಇದಕ್ಕೆ ಸುಲಭವಾದ ಪರಿಹಾರ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವಲ್ಲಿ 20 ಚದರ ಮೀಟರಿನ ಮಾಳಿಗೆಯ ಮೇಲೆ 12,000 ಲೀಟರ್ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಭಾಗ ದೊರೆತರೂ ಮೇಲಿನ ಘಟಕದ ವಾರ್ಷಿಕ ಅಗತ್ಯಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ಮೂರನೆಯದು ಹಿಂದೆ ವಿವರಿಸಿದ ವಿದ್ಯುತ್ ಕಡಿತ.

ತರಬೇತಿ ಮತ್ತು ನೆರವು

ಕರ್ನಾಟಕದಲ್ಲಿ ಮೀನುಗಾರಿಕೆ ಶಿಕ್ಷಣದ ಮುಖ್ಯ ಸಂಸ್ಥೆಯಾದ ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾಗಿದ್ದು, ಇಂದು ಬೀದರಿನಲ್ಲಿ ಕೇಂದ್ರವನ್ನು ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಮಣ್ಣುರಹಿತ ತರಕಾರಿ ಕೃಷಿಗಾಗಿ ಹುದುಗಿಸಿದ ತೆಂಗಿನ ನಾರಿನ ಪುಡಿಯ ತಂತ್ರಜ್ಞಾನವನ್ನು ರೂಪಿಸಿದೆ. ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿವೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ನೀರಿನ ಮರುಬಳಕೆಯ ಮೀನು ಸಾಕಣೆ ಮತ್ತು ಬಯೋಫ್ಲಾಕ್ ಘಟಕಗಳಿಗೆ ಸಹಾಯಧನವಿದೆ. ಮೀನುಮರಿ ಮತ್ತು ಅನುಮತಿಗಳ ಮಾಹಿತಿಗೆ ರಾಜ್ಯ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗಳನ್ನು ಸಂಪರ್ಕಿಸಲಾಗುತ್ತದೆ.

ಮಿತಿಗಳು

ಆಕ್ವಾಪೋನಿಕ್ಸ್ ಬಂಡವಾಳ ಮತ್ತು ಕೌಶಲ ಎರಡನ್ನೂ ಬೇಡುತ್ತದೆ. ಆಹಾರ, ವಿದ್ಯುತ್ ಮತ್ತು ಮರಿಗಳ ವೆಚ್ಚ ನಿರಂತರವಾಗಿದ್ದು, ಅನೇಕ ವಾಣಿಜ್ಯ ಘಟಕಗಳಲ್ಲಿ ಆದಾಯದ ದೊಡ್ಡ ಪಾಲು ಮೀನಿಗಿಂತ ಸಸ್ಯಗಳಿಂದ ಬರುತ್ತದೆ. ಆದುದರಿಂದ ಸೊಪ್ಪಿಗೆ ಸಮೀಪದಲ್ಲಿ ಮಾರುಕಟ್ಟೆ ಇಲ್ಲದಿದ್ದರೆ ಘಟಕ ನಷ್ಟಕ್ಕೀಡಾಗಬಹುದು. ಮೀನಿಗೆ ರೋಗ ಬಂದಾಗ ಪ್ರತಿಜೈವಿಕಗಳನ್ನು ನೀರಿಗೆ ಹಾಕಿದರೆ ನೈಟ್ರೀಕರಣದ ಬ್ಯಾಕ್ಟೀರಿಯಾಗಳೂ ಸಾಯುವ ಸಂಭವವಿರುವುದರಿಂದ ರೋಗಪೀಡಿತ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿ ಉಪಚರಿಸಬೇಕಾಗುತ್ತದೆ. ಭತ್ತ ಅಥವಾ ಜೋಳ ಬೆಳೆಯುವ ಹೊಲಕ್ಕೆ ಇದು ಪರ್ಯಾಯವಲ್ಲ. ಕಾಲುವೆ ನೀರಿನ ಕೊರತೆಯನ್ನು ಇದು ನೀಗಿಸಲಾರದು. ಮನೆಬಳಕೆಯ ಸೊಪ್ಪು ಮತ್ತು ಮೀನು, ಶಾಲಾ–ಕಾಲೇಜುಗಳಲ್ಲಿ ಸಾರಜನಕ ಚಕ್ರದ ಪ್ರಾತ್ಯಕ್ಷಿಕೆ, ಹಾಗೂ ಪಟ್ಟಣದ ಸಮೀಪ ಸೊಪ್ಪಿನ ಮಾರಾಟ ಎಂಬ ಮೂರು ಉದ್ದೇಶಗಳಿಗೆ ಈ ಪದ್ಧತಿ ಹೆಚ್ಚು ಸೂಕ್ತವಾಗಿದೆ.